ಅಪ್‌ಡೇಟ್: 'ರಿವಾಲ್ವರ್' ಮರುಬಿಡುಗಡೆ, ಕೊನೆಗೂ ಕೊಂಡೆ

ಬೀಟಲ್ಸ್ ಬ್ಯಾಂಡ್‌ನ 1966ರ ಆಲ್ಬಮ್ 'ರಿವಾಲ್ವರ್'ನ ಹಳೆಯ ಸಿಡಿ ನನ್ನ ಹತ್ತಿರ ಇದೆ, 2022ರ ಐದು ಸಿಡಿಗಳ ಪೆಟ್ಟಿಗೆಗೆ ಮತ್ತೆ ದುಡ್ಡು ಹಾಕಬೇಕಾ ಅಂತ ಕೇಳಿದ್ದೆ. 'ಮೊದಲು ಸ್ಟ್ರೀಮಿಂಗ್‌ನಲ್ಲಿ ಕೇಳಿ ನೋಡಿ' ಅಂದವರಿಗೆ ತುಂಬಾ ಥ್ಯಾಂಕ್ಸ್. ಎರಡು ವಾರ ಅದನ್ನೇ ಮಾಡಿದೆ.

ಮೊದಲು ಹೊಸ ಸ್ಟೀರಿಯೊ ಮಿಕ್ಸ್, ಅಂದರೆ ವಾದ್ಯ, ದನಿಗಳನ್ನು ಎಡ-ಬಲಕ್ಕೆ ಹಂಚಿ ಮತ್ತೆ ಹೊಂದಿಸಿದ್ದು. 1966ರಲ್ಲಿ ಇದ್ದದ್ದು ನಾಲ್ಕೇ ಟ್ರ್ಯಾಕಿನ ಟೇಪ್, ಅಂದರೆ ಧ್ವನಿಗಳನ್ನು ಬೇರೆಬೇರೆಯಾಗಿ ಹಿಡಿದಿಡಲು ನಾಲ್ಕೇ ಪಟ್ಟಿ. 'ಟ್ಯಾಕ್ಸ್‌ಮನ್' ಹಾಡಿನ ಡ್ರಮ್, ಬೇಸ್, ಗಿಟಾರ್ ಮೂರೂ ಒಂದೇ ಟ್ರ್ಯಾಕಿನಲ್ಲಿ ಸೇರಿಹೋಗಿದ್ದವು. ಸಿನಿಮಾ ನಿರ್ದೇಶಕ ಪೀಟರ್ ಜಾಕ್ಸನ್ ತಂಡದ ಸಾಫ್ಟ್‌ವೇರ್ ಅವನ್ನು ಬಿಡಿಸಿಕೊಟ್ಟಿತು, ಬೀಟಲ್ಸ್ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರ ಮಗ ಜೈಲ್ಸ್ ಮಾರ್ಟಿನ್ ಹೊಸದಾಗಿ ಮಿಕ್ಸ್ ಮಾಡಿದರು. ಹೆಡ್‌ಫೋನ್ ಹಾಕಿಕೊಂಡರೆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ.

ಆದರೆ ನನ್ನನ್ನು ಹಿಡಿದಿಟ್ಟದ್ದು ಸೆಷನ್ ಧ್ವನಿಮುದ್ರಣಗಳು, ಅಂದರೆ ಹಾಡು ರೂಪುಗೊಳ್ಳುವಾಗಿನ ಪ್ರಯತ್ನಗಳು. 'ರೇನ್' ಹಾಡನ್ನು ಅವರು ನುಡಿಸಿದ್ದು ಜಾಸ್ತಿ ವೇಗದಲ್ಲಿ, ಆಮೇಲೆ ಟೇಪ್ ನಿಧಾನ ಮಾಡಿದ್ದರು. ಈ ಸೆಷನ್ ಮುದ್ರಣದಲ್ಲಿ ಅದು ಅಸಲಿ ವೇಗದಲ್ಲೇ ಇದೆ. ಡ್ರಮ್ಮರ್ ರಿಂಗೊ ಕೈ ಅಷ್ಟು ಚುರುಕಾಗಿ ಓಡುವುದನ್ನು ಕೇಳಿ ಮೈ ಜುಮ್ ಅಂದಿತು! 'ಯೆಲ್ಲೊ ಸಬ್‌ಮರೀನ್', ಬ್ಯಾಂಡಿನ ಜಾನ್ ಲೆನನ್ ಮನೆಯಲ್ಲಿ ಹಾಡಿಟ್ಟ ಡೆಮೊದಲ್ಲಿ (ಕರಡು ಮುದ್ರಣದಲ್ಲಿ), ಒಂದು ದುಃಖದ ಹಾಡು. ಮಕ್ಕಳ ಹಾಡು ಅಂದುಕೊಂಡಿದ್ದೆವು, ಅಲ್ವಾ?

ಎಡ-ಬಲ ಭೇದವಿಲ್ಲದ ಮೊನೊ ಮಿಕ್ಸ್‌ನ ಡಿಸ್ಕ್ ಒಂದೇ ಸಲ ಕೇಳಿದೆ, ಸಾಕೆನಿಸಿತು.

ಹಾಗಾಗಿ ಎರಡು ಸಿಡಿಗಳ ಆವೃತ್ತಿ ತರಿಸಿಕೊಂಡೆ. ಒಂದರಲ್ಲಿ ಹೊಸ ಮಿಕ್ಸ್, ಇನ್ನೊಂದರಲ್ಲಿ ಆ ಸೆಷನ್‌ಗಳ ಆಯ್ದ ಟೇಕ್‌ಗಳು (ಒಂದೊಂದು ಸಲದ ಮುದ್ರಣಗಳು). ದೊಡ್ಡ ಪೆಟ್ಟಿಗೆಯ ಪುಸ್ತಕದ ಮೇಲೆ ಆಸೆ ಇತ್ತು ನಿಜ, ಆದರೆ ಸುಮ್ನೆ ಕಪಾಟಿನಲ್ಲಿಡಲು ಅಷ್ಟು ದುಡ್ಡು ಕೊಡಲು ಮನಸ್ಸಾಗಲಿಲ್ಲ. ಇವತ್ತು ಬೆಳಿಗ್ಗೆಯಿಂದ 'ಲವ್ ಯೂ ಟು' ಹಾಡಿನ ಏಳನೇ ಟೇಕ್ ಮೂರು ಸಲ ಆಯಿತು.