ಪದ್ಮಿನಿಯ ಹಳೇ ಕ್ಯಾಸೆಟ್ ಡೆಕ್: ಶ್ರುತಿ ಇಳೀಲಿಕ್ಕತ್ತದ, ಎಡಗಡೆ ದನಿ ಕ್ಷೀಣ. ಒಳಗಿನದು ಉಳಿಸಿಕೊಂಡು ಸರಿ ಮಾಡೂದು ಹೆಂಗ?

ಧಾರವಾಡ_ಪದ್ಮಿನಿ:

ಎಲ್ಲಾರಿಗೂ ನಮಸ್ಕಾರ್ರಿ. ಗಾಡಿ ಪ್ರೀಮಿಯರ್ ಪದ್ಮಿನಿ, ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡೂದು) ಇದ್ದದ್ದು. ಡ್ಯಾಶ್‌ಬೋರ್ಡಿನ್ಯಾಗ ಆಜೂಬಾಜೂ ಎರಡು ತಿರುಗಣಿ, ನಡುವ ಕ್ಯಾಸೆಟ್ಟಿನ ಬಾಯಿ, ಹಸಿರು ದೀಪದ ಡಯಲ್ ಇರೋ ಹಳೇ ಡೆಕ್ ಅದ. ಔಟ್‌ಪುಟ್ ಐಸಿ (ಸ್ಪೀಕರಿಗೆ ದನಿ ಕೊಡೂ ಚಿಪ್) ಎಲ್‌ಎ4440. ಹಿಂದ ಪಾರ್ಸಲ್ ಟ್ರೇ ಮ್ಯಾಲೆ 4 ಓಮ್‌ನ ಎರಡು ಸ್ಪೀಕರ್ ಡಬ್ಬಿ.

ತೊಂದರಿ ಹಿಂಗವ. 3150 ಹರ್ಟ್ಸ್‌ನ ಟೆಸ್ಟ್ ಕ್ಯಾಸೆಟ್ ಹಾಕಿದ್ರ ಮೀಟರ್ 2940ರಿಂದ 2990ರ ನಡುವ ಓಲಾಡ್ತದ. ಭೀಮಸೇನ ಜೋಶಿಯವರ ಕ್ಯಾಸೆಟ್ ಹಚ್ಚಿದ್ರ ತಂಬೂರಿ ಅಲುಗಾಡ್ತದ, ಸಾ ಸುಮಾರು ಅರ್ಧ ಸ್ವರ ಕೆಳಗ ಕೂಡ್ತದ. ಎಡಗಡೆ ದನಿ ಸಣ್ಣದು, ತೆಳ್ಳಗ. ತಬಲಾದ ಬಾಯಾ (ಎಡಗೈಯ ದಪ್ಪ ದನಿ) ಕೇಳ್ಸೂದ ಇಲ್ಲ. ಇಂಜಿನ್ ರೇಸ್ ಮಾಡಿದ್ರ ಸ್ಪೀಕರಿನ್ಯಾಗ ಕುಂಯ್ ಅನ್ನೂದು ಏರ್ತದ. ಬಲಗಡೆ ಸ್ಪೀಕರ್ ಜೋರು ಮಾಡಿದಾಗ ಝರ್ ಅಂತದ.

ತಗದು ಒಗದು ಹೊಸಾ ಬ್ಲೂಟೂತ್ ಸೆಟ್ ಹಾಕ್ರಿ ಅನ್ನೋರ ಎಲ್ಲಾರೂ. ಮುಖ ಉಳಿಸಿ ಒಳಗಿನದು ಬದಲಿ ಮಾಡಿಕೊಡೋರೂ ಇದ್ದಾರ. ಎರಡೂ ಬ್ಯಾಡ. ಕ್ಯಾಸೆಟ್ ಒಳಗ ಹೋಗಿ ಕಟ್ ಅಂತ ಕೂಡಬೇಕು, ಅದರಾಗಿಂದನ ಹಾಡು ಬರಬೇಕು. ಯಾವುದರಿಂದ ಶುರು ಮಾಡಬೇಕು ಹೇಳ್ರಿ.

ಹುಬ್ಬಳ್ಳಿ_ಬೆಂಚ್:

ಭಾಳ ಚಲೋ ನಿರ್ಧಾರ್ರಿ ಅಣ್ಣಾರ. ಒಳಗಿನದು ತಗದ ಮ್ಯಾಲೆ ಉಳಿಯೂದು ಬರೇ ಒಂದು ಮುಖವಾಡ. ಈ ಡೆಕ್ಕಿನ್ಯಾಗ ರಿಪೇರಿ ಆಗದಂಥಾದ್ದು ಏನೂ ಇಲ್ಲ.

ಗಾಡಿಯೊಳಗ ಇಟ್ಟುಕೊಂಡು ಕೆಲಸ ಮಾಡಬ್ಯಾಡ್ರಿ. ಮೊದಲ ಬ್ಯಾಟರಿಯ ಮೈನಸ್ ಬಿಚ್ಚ್ರಿ. ಎರಡೂ ತಿರುಗಣಿ ನೆಟ್ಟಗ ಎಳದ್ರ ಬರ್ತಾವು, ಅವುಗಳ ಹಿಂದ ನಟ್ಟು ಇರ್ತಾವು. ಹಿಂಬದಿಗೆ ಒಂದು ಕಬ್ಬಿಣದ ಪಟ್ಟಿ ಡೆಕ್ ಹಿಡಕೊಂಡಿರ್ತದ, ಅದನ್ನ ಬಿಚ್ಚದ ಎಳದ್ರ ಮುಖ ಒಡೀತದ. ಹೊರಗ ತಂದು 13.2 ವೋಲ್ಟ್ ಸಪ್ಲೈ ಕೊಡ್ರಿ, ಕರೆಂಟ್ ಮಿತಿ 2 ಆಂಪಿಯರ್ ಇಡ್ರಿ. ದನಿ ಪೂರ್ತಿ ಇಳಿಸಿ ಕ್ಯಾಸೆಟ್ ಓಡಿಸಿದಾಗ ಅರ್ಧ ಆಂಪಿಯರ್ ಒಳಗ ಇರಬೇಕು. ಹೆಚ್ಚು ಎಳದ್ರ ಔಟ್‌ಪುಟ್ ಐಸಿ ಅಥವಾ ಸಪ್ಲೈ ಕೆಪಾಸಿಟರ್ ನೋಡ್ರಿ, ಮುಂದ ಹೋಗಬ್ಯಾಡ್ರಿ.

ಆಮ್ಯಾಲೆ ಬೆಲ್ಟ್. ತಳದ ಮುಚ್ಚಳ ತಗದು ಫ್ಲೈವೀಲ್ (ಬೆಲ್ಟ್ ತಿರುಗಿಸೂ ದೊಡ್ಡ ಗಾಲಿ) ನೋಡ್ರಿ. ಹಳೇ ಬೆಲ್ಟ್ ಬೆರಳಿಗೆ ಡಾಂಬರಿನಂಗ ಹತ್ತಿದ್ರ ಅದು ಕರಗೇತಿ. ಆ ಕರಿ ಅಂಟು ಫ್ಲೈವೀಲಿನ ಅಂಚಿಗೆ, ಮೋಟರಿನ ಹಿತ್ತಾಳಿ ಪುಲ್ಲಿಯ ತಗ್ಗಿನೊಳಗ ಎಳ್ಳಿನಷ್ಟು ಉಳಿದ್ರೂ ಹೊಸಾ ಬೆಲ್ಟ್ ಪ್ರತಿ ಸುತ್ತಿಗೂ ಅಲ್ಲಿ ಜಿಗೀತದ. ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಬತ್ತಿ, ಪುಲ್ಲಿಗೆ ಹಲ್ಲುಕಡ್ಡಿ. ಹತ್ತಿ ಬೆಳ್ಳಗ ಹೊರಗ ಬರೂತನಕ ಬಿಡಬ್ಯಾಡ್ರಿ. ಥಿನ್ನರ್, ಪೆಟ್ರೋಲ್ ಬ್ಯಾಡ. ಪ್ಲಾಸ್ಟಿಕ್ ಗಿಯರ್ ಬಿರೀತಾವು.

ಅಳತಿ ಹಿಂಗ ತಗೋರಿ: ಬೆಲ್ಟ್ ಓಡೂ ಹಾದಿಗೆ ಹೊಲಿಗಿ ದಾರ ಸುತ್ತಿ ಉದ್ದ ಅಳೀರಿ, ಅದರಾಗ ನೂರಕ್ಕ 5 ಕಳೀರಿ. ಹಾದಿ 210 ಮಿಮೀ ಬಂದ್ರ 200 ಮಿಮೀ ಬೆಲ್ಟ್. ಇದಕ್ಕೂ ಬಿಗಿ ಹಾಕಿದ್ರ ಮೋಟರಿನ ಬುಶ್ ಸವೀತದ, ಸಡ್ಲ ಆದ್ರ ಕ್ಯಾಸೆಟ್ ತುಂಬಿದಾಗ ಜಾರತದ. ಹಳೇದು ಚಪ್ಪಟಿ ಇದ್ರ ಚಪ್ಪಟೀನ, ಚೌಕ ಇದ್ರ ಚೌಕಾನ ತರ್ರಿ. ಮನಿಗೆ ಬಳಸೂ ರಬ್ಬರ್ ಬ್ಯಾಂಡ್ ಒಂದು ತಾಸಿಗೂ ನಡಿಯೂದಿಲ್ಲ.

ಕ್ಯಾಪ್‌ಸ್ಟನ್ (ಟೇಪ್ ಎಳಿಯೂ ಸಣ್ಣ ಕಡ್ಡಿ) ಬುಶ್‌ಗೆ ಹೊಲಿಗಿ ಮಶೀನಿನ ಎಣ್ಣಿ, ಸೂಜಿ ತುದಿಲೆ ಒಂದ ಹನಿ. ಕೊಬ್ಬರಿ ಎಣ್ಣಿ ಬಿಡೋರು ಅದಾರ, ದಯಮಾಡಿ ಬ್ಯಾಡ್ರಿ. 24 ಡಿಗ್ರಿ ಸುತ್ತಮುತ್ತನ ಅದು ಹೆಪ್ಪುಗಟ್ಟತದ. ನಮ್ಮ ಧಾರವಾಡದ ಮಾಗಿ ಚಳಿಯೊಳಗ ಬೆಳಿಗ್ಗೆ ಮೋಟರ್ ತಿರುಗೂದ ಇಲ್ಲ.

ಇಷ್ಟು ಆದ ಮ್ಯಾಲೆ ಸ್ಪೀಡ್. ಮೋಟರಿನ ಹಿಂಭಾಗಕ್ಕ ಸಣ್ಣ ತೂತು ಐತಿ, ಅದರೊಳಗ ತಿರುಪು. ಟೆಸ್ಟ್ ಕ್ಯಾಸೆಟ್ 10 ನಿಮಿಷ ಓಡಿಸಿ, ಮೋಟರ್ ಬೆಚ್ಚಗಾದ ಮ್ಯಾಲೆ 3150ಕ್ಕ ತಂದು ನಿಲ್ಲಸ್ರಿ. ಬೆಲ್ಟ್ ಹಾಕೂಕಿಂತ ಮೊದಲ ಈ ತಿರುಪು ಮುಟ್ಟಬ್ಯಾಡ್ರಿ, ರೋಗ ಮುಚ್ಚಿಹೋಗತದ. ತಿರುಪು ತುದಿಗೆ ಬಂದ್ರೂ ಸ್ಪೀಡ್ ಸಿಗದಿದ್ರ ಮೋಟರ್ ಹೋಗೇತಿ. ಹೊಸಾದು ತರೂವಾಗ ಮ್ಯಾಲಿನ ಚೀಟಿ ಓದ್ರಿ: 12 ವೋಲ್ಟ್, 2400 ಆರ್‌ಪಿಎಂ, ತಿರುಗೂ ದಿಕ್ಕು. 9 ವೋಲ್ಟಿನ ಮೋಟರ್ ನೋಡಾಕ ಥೇಟ್ ಹಂಗ ಇರ್ತದ.

ಹೆಡ್ (ಟೇಪಿನಿಂದ ಹಾಡು ಓದೂ ಭಾಗ) ಒರಸೂದು ಕಡೀಕ. ಅಜಿಮತ್ ತಿರುಪು (ಹೆಡ್ಡಿನ ವಾಲು ಸರಿ ಮಾಡೂದು): ಚಲೋ ಕಂಪನಿಯ, ಸರಿಯಾಗಿ ತುಂಬಿದ ಕ್ಯಾಸೆಟ್ ಹಾಕಿ, ಝಾಂಜ್ ದನಿ ಎಲ್ಲಿ ಹೆಚ್ಚು ಚೂಪು ಕೇಳ್ತದೋ ಅಲ್ಲಿ ನಿಲ್ಲಿಸಿ ಉಗುರುಬಣ್ಣದ ಚುಕ್ಕಿ ಇಡ್ರಿ.

ಗದಗ_ಸರ್ಕೀಟು:

ಯಂತ್ರದ ಭಾಗ ಮೇಲಿನವರು ಸರಿಯಾಗಿ ಹೇಳಿದ್ದಾರೆ. ಎಡಗಡೆಯ ದನಿ ಮತ್ತು ಕುಂಯ್ ಬಗ್ಗೆ ಬರೆಯುತ್ತೇನೆ.

ಮೊದಲು ಸ್ಪೀಕರ್ ವೈರ್ ಅದಲುಬದಲು ಮಾಡಿ. ತೆಳು ದನಿ ಬಲಗಡೆಗೆ ಹೋದರೆ ದೋಷ ಡೆಕ್ಕಿನಲ್ಲಿದೆ. ಆಮೇಲೆ ಎರಡು ಮೂರು ಬೇರೆ ಕ್ಯಾಸೆಟ್ ಹಾಕಿ ನೋಡಿ. ಕ್ಯಾಸೆಟ್ಟಿನಲ್ಲಿ ಎಡ ಚಾನೆಲ್ ಟೇಪಿನ ಅಂಚಿನಲ್ಲೇ ಇರುತ್ತದೆ. ಅಂಚು ಮುದುಡಿದ ಟೇಪಿನಲ್ಲಿ ಮೊದಲು ಕೆಡುವುದು ಅದೇ. ಎರೆಮಣ್ಣಿನ ಧೂಳು ಹೆಡ್ಡಿನ ಕೆಳಭಾಗದಲ್ಲಿ ಕೂತರೂ ಇದೇ ಲಕ್ಷಣ. ಎಲ್ಲ ಕ್ಯಾಸೆಟ್ಟಿಗೂ ಒಂದೇ ತರಹ ಇದ್ದು, ರೇಡಿಯೋ ಹಾಕಿದಾಗಲೂ ಎಡಗಡೆ ತೆಳ್ಳಗಿದ್ದರೆ ಹೆಡ್ ಬಿಟ್ಟು ಮುಂದೆ ಬನ್ನಿ.

ನೀವು ಹೇಳಿದ ಲಕ್ಷಣ, ಅಂದರೆ ಬಾಯಾ ಮಾಯ, ಔಟ್‌ಪುಟ್ ಕೆಪಾಸಿಟರಿನ ಕಡೆ ಕೈ ತೋರಿಸುತ್ತದೆ. ಎಲ್‌ಎ4440 ಸ್ಟೀರಿಯೋ ಜೋಡಣೆಯಲ್ಲಿ ಪ್ರತಿ ಸ್ಪೀಕರಿಗೂ ಒಂದು 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಸಾಲಿನಲ್ಲಿರುತ್ತದೆ. 4 ಓಮ್ ಸ್ಪೀಕರಿಗೆ ಅದು ಸುಮಾರು 40 ಹರ್ಟ್ಸ್‌ವರೆಗೆ ಬಿಡುತ್ತದೆ. ಒಣಗಿ 100ಕ್ಕೆ ಇಳಿದರೆ 400 ಹರ್ಟ್ಸ್‌ನ ಕೆಳಗಿನದ್ದೆಲ್ಲ ಕ್ಷೀಣಿಸುತ್ತದೆ. ಬಾಯಾ ಕೇಳುವುದಾದರೂ ಹೇಗೆ? ಎರಡನ್ನೂ ಒಟ್ಟಿಗೆ ಬದಲಿಸಿ, ಬಲಗಡೆಯದ್ದೂ ಅಷ್ಟೇ ಹಳೆಯದು. 25 ವೋಲ್ಟ್, 105 ಡಿಗ್ರಿಯದ್ದೇ ಹಾಕಿ. ಬಿಸಿಲಿನಲ್ಲಿ ನಿಂತ ಗಾಡಿಯ ಡ್ಯಾಶ್‌ಬೋರ್ಡ್ ಒಳಗೆ 85 ಡಿಗ್ರಿಯ ಮಾಲು ಬಾಳುವುದಿಲ್ಲ. ಐಸಿ ಪಕ್ಕದ 100 ಮೈಕ್ರೋಫ್ಯಾರಡ್‌ನ ಸಣ್ಣವನ್ನೂ ಅದೇ ಕೈಯಲ್ಲಿ ಬದಲಿಸಿಬಿಡಿ. ಐಸಿ ಸರಿಯಿದೆಯೇ ಎಂದು ನೋಡಲು 10 ಮತ್ತು 12ನೇ ಕಾಲು ಅಳೆಯಿರಿ: 11ನೇ ಕಾಲಿನ ಸಪ್ಲೈನ ಅರ್ಧ, ಅಂದರೆ 6.6 ವೋಲ್ಟ್ ಆಸುಪಾಸು ಬರಬೇಕು. ಒಂದು ಸೊನ್ನೆಗೋ 13ಕ್ಕೋ ಅಂಟಿದ್ದರೆ ಐಸಿ ಸತ್ತಿದೆ.

ವಾಲ್ಯೂಮ್ ಕಂಟ್ರೋಲ್ ಗರಗರ ಎಂದರೆ ಕಾಂಟ್ಯಾಕ್ಟ್ ಕ್ಲೀನರ್ ಸಾಕು, ಬದಲಿಸಬೇಡಿ. ಈ ಡೆಕ್ಕುಗಳಲ್ಲಿ ಲೌಡ್‌ನೆಸ್‌ಗೆಂದು ನಾಲ್ಕನೇ ಕಾಲು ಇರುವ ಕಂಟ್ರೋಲ್ ಬರುತ್ತದೆ. ಮೂರು ಕಾಲಿನದ್ದು ಹಾಕಿದರೆ ಸಣ್ಣ ದನಿಯಲ್ಲಿ ಸಿಗುವ ಆ ತುಂಬು ಹೋಯಿತು.

ಈಗ ಕುಂಯ್. ದನಿ ಸೊನ್ನೆಗೆ ಇಳಿಸಿ ಇಂಜಿನ್ ರೇಸ್ ಮಾಡಿ. ಆಗಲೂ ಅಷ್ಟೇ ಕೇಳಿದರೆ ಸಪ್ಲೈ ಅಥವಾ ಅರ್ಥಿಂಗ್‌ನಿಂದ ಬರುತ್ತಿದೆ. ಬ್ಯಾಟರಿಯ ಮೇಲೆ ಮೀಟರನ್ನು ಎಸಿ ವೋಲ್ಟಿಗೆ ಇಟ್ಟು ಅಳೆಯಿರಿ. ಇಂಜಿನ್ ಓಡುವಾಗ ಅರ್ಧ ವೋಲ್ಟ್ ದಾಟಿದರೆ ಆಲ್ಟರ್ನೇಟರಿನ ಡಯೋಡ್ ಹೋಗಿದೆ, ಡೆಕ್ಕಿನಲ್ಲಿ ಎಷ್ಟು ಫಿಲ್ಟರ್ ಹಾಕಿದರೂ ವ್ಯರ್ಥ. ಡಯೋಡ್ ಸರಿಯಿದ್ದರೆ ಬ್ಯಾಟರಿ ಪ್ಲಸ್‌ನಿಂದ ನೇರ 1.5 ಚದರ ಮಿಮೀ ವೈರ್ ಎಳೆಯಿರಿ, ಬ್ಯಾಟರಿಯ ಹತ್ತಿರವೇ 5 ಆಂಪಿಯರ್ ಫ್ಯೂಸ್ ಇರಲಿ. ಹಳೆಯ ಡೆಕ್ಕಿಗೆ ಒಂದೇ ಕೆಂಪು ವೈರ್ ಇರುವುದರಿಂದ ನಡುವೆ 12 ವೋಲ್ಟ್ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಹಾಕಿ, ಅದರ ಕಾಯಿಲ್‌ಗೆ ಮಾತ್ರ ಕೀಯಿಂದ ಕರೆಂಟ್ ಕೊಡಿ. ಡೆಕ್ಕಿನ ಮೈ ಕೂರುವಲ್ಲಿ ಬಣ್ಣ ಕೆರೆದು ತಗಡು ಹೊಳೆಯುವಂತೆ ಮಾಡಿ.

ಕುಂಯ್ ಬದಲು ಟಕ್‌ಟಕ್ ಬಂದರೆ ಅದು ಇಗ್ನಿಷನ್. ಇಗ್ನಿಷನ್ ಕಾಯಿಲಿನ ಕೀ ಕಡೆಯ ತುದಿಗೆ 1 ಮೈಕ್ರೋಫ್ಯಾರಡ್ ಸಪ್ರೆಸರ್ ಕಂಡೆನ್ಸರ್ ಹಾಕಿ. ಡಿಸ್ಟ್ರಿಬ್ಯೂಟರ್ ಕಡೆಯ ತುದಿಗೆ ಹಾಕಿದರೆ ಸ್ಪಾರ್ಕ್ ಸಾಯುತ್ತದೆ. ಆಲ್ಟರ್ನೇಟರ್ ಬದಲು ಡೈನಮೋ ಇರುವ ಗಾಡಿಯವರು ಓದುತ್ತಿದ್ದರೆ: ಕಂಡೆನ್ಸರ್ ದಪ್ಪ ವೈರಿನ ತುದಿಗೆ, ಫೀಲ್ಡ್ ತುದಿಗೆ ಎಂದೂ ಬೇಡ. ರೇಡಿಯೋದಲ್ಲಿ ಮಾತ್ರ ಸದ್ದು ಬಂದರೆ ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್‌ಗೆ ಹಿಡಿದು ಏರಿಯಲ್ ಪಿನ್ ಕೀಳಿ. ಸದ್ದೂ ನಿಂತರೆ ಅದು ಏರಿಯಲ್ ಹಾದಿಯಲ್ಲಿ ಬರುತ್ತಿದೆ, ಏರಿಯಲ್ ಬುಡದ ಅರ್ಥಿಂಗ್ ನೋಡಿ.

ಹಾವೇರಿ_ಕೋನ್:

ಬಲಗಡೆ ಝರ್ ಅನ್ನೂದು ಡೆಕ್ಕಿಂದಲ್ಲ, ಸ್ಪೀಕರಿಂದು ಅನಸ್ತೈತಿ. ಜಾಳಿಗಿ ಬಿಚ್ಚಿ ಎರಡೂ ಹೆಬ್ಬೆರಳು ಕೋನಿನ ಎದುರುಬದುರು ಇಟ್ಟು ಮೆಲ್ಲಕ ಒತ್ತ್ರಿ. ಸದ್ದಿಲ್ಲದ ಹೋಗಿ ಬಂದ್ರ ಕಾಯಿಲ್ ಸರಿ ಐತಿ. ಕೆರದಂಗ ಆದ್ರ ಕಾಯಿಲ್ ನಡುವಿಂದ ಸರದೈತಿ. ಮೀಟರಿನ್ಯಾಗ 4 ಓಮ್ ಸ್ಪೀಕರ್ 3.2ರಿಂದ 3.6 ತೋರಸಬೇಕು.

ಅಂಚಿನ ಫೋಮ್ ಬೆರಳು ತಾಗಿದ ಕೂಡ್ಲೆ ಪುಡಿ ಉದುರಿದ್ರ ಹೊಸಾ ಸರೌಂಡ್ ಹಾಕಬೇಕು. ಹಳೇ ಅಂಟು ಪೂರ್ತಿ ತಗೀರಿ, ಕಾಗದದ ಕೋನ್ ನೆನೀದಂಗ. ನಡುವಿನ ಟೊಪಗಿ ಬಿಡಿಸಿ, ಕಾಯಿಲ್ ಸುತ್ತ ಹಳೇ ಎಕ್ಸ್‌ರೇ ಫಿಲ್ಮಿನ ನಾಕು ಪಟ್ಟಿ ತೂರಸ್ರಿ, ಅದು ನಟ್ಟನಡುವ ನಿಲ್ಲತೈತಿ. ಮೊದಲು ಫೋಮ್ ಕೋನಿಗೆ ಅಂಟಸ್ರಿ, ಒಣಗಿದ ಮ್ಯಾಲೆ ಚೌಕಟ್ಟಿಗೆ. 24 ತಾಸು ಬಿಟ್ಟು ಪಟ್ಟಿ ತಗೀರಿ. ತಡಾ ಹಿಡಿಯೂ ಬಿಳಿ ಅಂಟ ಚಲೋ, ಸರಿಸಿ ಕೂಡಸಾಕ ಹೊತ್ತು ಸಿಗತೈತಿ. ದಿಢೀರ್ ಅಂಟು ಹಾಕಿದ್ರ ಫೋಮ್ ಗಟ್ಟಿಯಾಗಿ ಸೀಳತೈತಿ.

ಜೋಡಸೂವಾಗ 1.5 ವೋಲ್ಟ್ ಸೆಲ್ ಹಚ್ಚಿ ನೋಡ್ರಿ: ಪ್ಲಸ್‌ಗೆ ಪ್ಲಸ್ ಕೊಟ್ಟಾಗ ಎರಡೂ ಕೋನ್ ಹೊರಗ ಬರಬೇಕು. ಒಂದು ಉಲ್ಟಾ ಇದ್ರ ಬಾಸ್ ಒಂದನ್ನೊಂದು ತಿಂದು ಹಾಕತೈತಿ. ಮೈನಸ್ ವೈರ್ ಗಾಡಿ ಮೈಗೆ ಕಟ್ಟಿದ್ರ ಈಗಿನ ಡೆಕ್ಕಿಗೆ ನಡೀತೈತಿ. ಆದ್ರೂ ಎರಡೂ ವೈರ್ ಬ್ಯಾರೆ ಎಳೀರಿ. ಮುಂದ ಯಾರರ ಬ್ರಿಡ್ಜ್ ಔಟ್‌ಪುಟ್ (ಸ್ಪೀಕರಿನ ಎರಡೂ ವೈರಿಗೆ ದನಿ ಕೊಡೂ) ಸೆಟ್ ಹಚ್ಚಿ ನೋಡಿದ್ರ ಮೈಗೆ ಕಟ್ಟಿದ ವೈರಿಂದ ಐಸಿ ಸುಡತೈತಿ.

ಧಾರವಾಡ_ಪದ್ಮಿನಿ:

ಭಾಳ ಉಪಕಾರ ಆತ್ರಿ. ಕೆಪಾಸಿಟರ್ ಎರಡೂ ಬದಲಿಸಿದೆ, ತಗದದ್ದರಾಗ ಎಡಗಡೀದು 90 ಮೈಕ್ರೋಫ್ಯಾರಡ್ ತೋರಿಸ್ತು. ಈಗ ಬಾಯಾ ಕೇಳ್ತದ. ರಿಲೇ ಹಾಕಿದ ಮ್ಯಾಲೆ ಕುಂಯ್ ಹೋತು. ಬೆಲ್ಟ್ ಹಾಕಿ ಸ್ಪೀಡ್ 3150ಕ್ಕ ನಿಲ್ಲಿಸಿದೆ, ಆದ್ರ ತಂಬೂರಿ ಇನ್ನೂ ಸಣ್ಣಗ ತೂಗಾಡ್ತದ. 10 ಸೆಕೆಂಡಿಗೆ 15 ಸಲ ಎಣಿಸಿದೆ. ಇನ್ನೊಂದು: ಮುಖಕ್ಕ ತೂತು ಹಾಕದ ಫೋನಿನ ಹಾಡು ಕೊಡಲಿಕ್ಕೆ ದಾರಿ ಅದನು?

ಹುಬ್ಬಳ್ಳಿ_ಬೆಂಚ್:

ಎಣಿಸಿದ್ದು ಭಾಳ ಛಲೋ ಆತು. ಟೇಪ್ ಸೆಕೆಂಡಿಗೆ 47.6 ಮಿಮೀ ಓಡತದ. ಸೆಕೆಂಡಿಗೆ ಒಂದೂವರೆ ಸಲ ಅಂದ್ರ ಸುತ್ತಳತಿ 32 ಮಿಮೀ, ಅಂದ್ರ 10 ಮಿಮೀ ವ್ಯಾಸದ ಗಾಲಿ. ಅದು ಪಿಂಚ್ ರೋಲರ್, ಅಂದ್ರ ಟೇಪನ್ನ ಕ್ಯಾಪ್‌ಸ್ಟನ್‌ಗೆ ಒತ್ತೂ ರಬ್ಬರ್ ಗಾಲಿ. 2 ಮಿಮೀ ಕ್ಯಾಪ್‌ಸ್ಟನ್ ಡೊಂಕಾಗಿದ್ರ ಸೆಕೆಂಡಿಗೆ ಏಳೆಂಟು ಸಲ ನಡುಗ್ತಿತ್ತು. ರೋಲರ್ ಉಗುರಿನಿಂದ ಒತ್ತಿ ನೋಡ್ರಿ, ತಗ್ಗು ಬೀಳದ ಗಾಜಿನಂಗ ಹೊಳದ್ರ ರಬ್ಬರ್ ಸತ್ತದ. ಹೊಸಾದು ತರೂವಾಗ ವ್ಯಾಸ, ಅಗಲ, ನಡುವಿನ ತೂತು ಮೂರೂ ಅಳತಿ ಒಯ್ಯರಿ. ಸಿ-120 ಕ್ಯಾಸೆಟ್ ಮಾತ್ರ ಈ ಡೆಕ್ಕಿಗೆ ಹಾಕಬ್ಯಾಡ್ರಿ, ಅದರ ಟೇಪ್ ಭಾಳ ತೆಳು, ರೋಲರಿಗೆ ಸುತ್ತಕೊಂಡ್ರ ಹೊರಗ ಬರೂದಿಲ್ಲ.

ಗದಗ_ಸರ್ಕೀಟು:

ಫೋನಿಗೆ ದಾರಿ ಇದೆ, ಮತ್ತು ಬೇಡವೆಂದಾಗ ಬಿಚ್ಚಿಬಿಡಬಹುದು. ವಾಲ್ಯೂಮ್ ಕಂಟ್ರೋಲಿನ ಮೇಲ್ತುದಿಗೆ ಪ್ರೀಆಂಪ್‌ನಿಂದ (ಹೆಡ್ಡಿನ ಸಣ್ಣ ದನಿ ಹಿಗ್ಗಿಸುವ ಭಾಗ) ಬರುವ ಎರಡು ವೈರ್ ಕಿತ್ತು, ಡೆಕ್ಕಿನ ಹಿಂದೆ ಒಂದು ತ್ರೀ ಪೋಲ್ (ಒಂದೇ ಸಲ ಮೂರು ವೈರ್ ಬದಲಿಸುವ) ಸ್ವಿಚ್ಚಿಗೆ ತನ್ನಿ. ಒಂದು ಬದಿ ಕ್ಯಾಸೆಟ್, ಇನ್ನೊಂದು ಬದಿ ಬ್ಲೂಟೂತ್ ಮಾಡ್ಯೂಲ್. ಮಾಡ್ಯೂಲಿನ ಪ್ರತಿ ಚಾನೆಲಿಗೆ 2.2 ಮೈಕ್ರೋಫ್ಯಾರಡ್ ಕೆಪಾಸಿಟರ್, ಅದರ ಸಾಲಿನಲ್ಲಿ 10 ಕಿಲೋಓಮ್ ಹಾಕಿ. ಶೀಲ್ಡ್ ವೈರನ್ನೇ ಬಳಸಿ. ಅದರ ಜಾಲರಿ ವಾಲ್ಯೂಮ್ ಕಂಟ್ರೋಲಿನ ಗ್ರೌಂಡ್ ಕಾಲಿಗೆ ಮಾತ್ರ.

ಎಲ್ಲರೂ ಎಡವುವುದು ಮಾಡ್ಯೂಲಿನ ಸಪ್ಲೈನಲ್ಲಿ. ನೇರ 5 ವೋಲ್ಟ್ ಕೊಟ್ಟರೆ ಗ್ರೌಂಡ್ ಎರಡು ಕಡೆ ಸೇರಿ ಈಗಷ್ಟೇ ಓಡಿಸಿದ ಕುಂಯ್ ವಾಪಸ್ ಬರುತ್ತದೆ. 7805 ರೆಗ್ಯುಲೇಟರ್ ಐಸಿಯಿಂದ 5 ವೋಲ್ಟ್ ಮಾಡಿ, ಅದರ ನಂತರ ಬಿ0505ಎಸ್ ಐಸೊಲೇಟೆಡ್ ಕನ್ವರ್ಟರ್ (ಎರಡೂ ಬದಿಯ ಗ್ರೌಂಡ್ ಬೇರೆ ಇಡುವುದು) ಇಡಿ. 1 ವ್ಯಾಟ್, ಅಂದರೆ 200 ಮಿಲಿಆಂಪಿಯರ್ ಕೊಡುತ್ತದೆ, ಸಣ್ಣ ಮಾಡ್ಯೂಲಿಗೆ ಸಾಕು. ಕ್ಯಾಸೆಟ್ ಕೇಳುವಾಗ ಅದೇ ಸ್ವಿಚ್ಚಿನ ಮೂರನೇ ಪೋಲಿನಿಂದ ಮಾಡ್ಯೂಲಿನ ಕರೆಂಟ್ ಕಡಿಯುವಂತಿದ್ದರೆ ಒಳ್ಳೆಯದು, ಹಾಗಾಗಿ ಅಂಗಡಿಯಲ್ಲಿ ತ್ರೀ ಪೋಲ್ ಸ್ವಿಚ್ಚನ್ನೇ ಕೇಳಿ. ಇಲ್ಲದಿದ್ದರೆ ಅದರ ಚಿರಿಚಿರಿ ಹೆಡ್ ವೈರಿಗೆ ಹತ್ತುತ್ತದೆ.