ಪದಚರ್ಚೆ: ರೆಡ್ ಹೆರಿಂಗ್ ಅಂದರೆ ‘ಸುಳ್ಳು ಸುಳಿವು’ ಅನ್ನಬಹುದಾ?

ಎಲ್ಲರಿಗೂ ಮಡಿಕೇರಿಯಿಂದ ನಮಸ್ಕಾರ.

ಕೊಲೆ ಕೇಸು, ಕೋರ್ಟು, ವಕೀಲರು ಇರುವ ಕಾದಂಬರಿಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಓದುಗರನ್ನು ಬೇಕಂತಲೇ ಬೇರೆ ಕಡೆ ಎಳೆಯುವ ಸುಳಿವಿಗೆ ಇಂಗ್ಲಿಷಿನಲ್ಲಿ ರೆಡ್ ಹೆರಿಂಗ್ ಅಂತಾರೆ. ಅದನ್ನು ‘ಸುಳ್ಳು ಸುಳಿವು’ ಅನ್ನಲು ನನಗೆ ಮನಸ್ಸಿಲ್ಲ.

ಯಾಕಂದರೆ ಸುಳಿವು ಸುಳ್ಳಾಗಿರಲೇಬೇಕು ಅಂತಿಲ್ಲ. ನಮ್ಮ ಕೊಡಗನ್ನೇ ನೋಡಿ. ಮನೆಯಲ್ಲಿ ಕೋವಿ ಇದೆ, ಲೈಸೆನ್ಸ್ ಇಲ್ಲ. ಬೇರೆ ಊರಿನ ಕಥೆಯಾದರೆ ಇಷ್ಟೇ ಸಾಕು, ಓದುಗರ ಅನುಮಾನ ಆ ಮನೆಯವನ ಮೇಲೆ. ಇಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಲೈಸೆನ್ಸಿನಿಂದ ವಿನಾಯಿತಿ ಉಂಟು. ಈಗಿನ ಆದೇಶ 2029ರ ತನಕ ಇದೆ. ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಪೂಜೆಗೆ ಇಡುವ ಕೋವಿ ಅದು. ಕೋವಿಯೂ ನಿಜ, ಲೈಸೆನ್ಸ್ ಇಲ್ಲದ್ದೂ ನಿಜ. ತಪ್ಪಿದ್ದು ಓದುಗರ ಊಹೆ ಮಾತ್ರ. ತುಂಬಿದ ಕೋವಿಯನ್ನು ರಂಗದ ಮೇಲೆ ಇಟ್ಟಮೇಲೆ ಅದು ಹಾರಲೇಬೇಕು ಅಂತ ರಷ್ಯದ ನಾಟಕಕಾರ ಚೆಕಾಫ್ 1889ರ ಪತ್ರವೊಂದರಲ್ಲಿ ಬರೆದಿದ್ದರು. ಕೊಡಗಿನವರಾಗಿದ್ದರೆ ಬೇರೆ ವಸ್ತು ಹುಡುಕುತ್ತಿದ್ದರೇನೋ!

ಇನ್ನೊಂದು ತೊಡಕು. ಕೋರ್ಟಿನ ಕಥೆಯಲ್ಲಿ ‘ಸುಳ್ಳು’ ಅಂದಕೂಡಲೇ ಸುಳ್ಳು ಸಾಕ್ಷಿ ನೆನಪಾಗುತ್ತದೆ. ಅದು ಅಪರಾಧ, ಯಾವುದೋ ಪಾತ್ರ ಮಾಡಿದ್ದು. ರೆಡ್ ಹೆರಿಂಗ್ ಮಾತ್ರ ಲೇಖಕರ ಕೈಚಳಕ. ಪಾಟೀಸವಾಲಿನಲ್ಲಿ ಒಳ್ಳೆ ವಕೀಲರು ಬಿಡಿಸುವುದು ಈ ಗಂಟನ್ನೇ ಅಲ್ವಾ? ಹೆಣದಲ್ಲಿ ಸಿಕ್ಕ ಚರೆ (ಕೋವಿಯ ಸಣ್ಣ ಗುಂಡು) ಇಂಥದೇ ನಳಿಕೆಯಿಂದ ಬಂತು ಅಂತ ಚರೆ ನೋಡಿ ಹೇಳಲಾಗದು. ಕಾಫಿ ತೋಟದಲ್ಲಿ ಬಿದ್ದ ಖಾಲಿ ತೋಟಾ (ಕಾರ್ಟ್ರಿಜ್) ಸಿಕ್ಕಿ, ಅದರ ಹಿಂಬದಿಯಲ್ಲಿ ಕೋವಿಯ ಸೂಜಿ ಹೊಡೆದ ಗುರುತು ಹೊಂದಿದರೆ ಮಾತು ಬೇರೆ. ಸುಳಿವು ಪುರಾವೆಯಾಗುವುದು ಅಲ್ಲಿ.

‘ಹುಸಿ ಸುಳಿವು’ ಅಷ್ಟು ಕೆಟ್ಟದಲ್ಲ, ಆದರೆ ಹುಸಿಮುನಿಸಿನ ಹಾಗೆ ಸ್ವಲ್ಪ ಆಟದ ಧಾಟಿ. ‘ಕಳ್ಳಜಾಡು’ ಅಂದರೆ ಕಳ್ಳತನದ ಕೇಸು ಅನ್ನಿಸುತ್ತದೆ. ನನಗೆ ಹಿಡಿಸಿದ್ದು ‘ಅಡ್ಡಜಾಡು’. ಜಾಡು ನಿಜವಾದದ್ದೇ, ಹೋಗುವ ಕಡೆ ಮಾತ್ರ ಬೇರೆ. ನಾನೇ ಜೋಡಿಸಿದ ಪದ ಇದು. ಬೇಟೆಯ ಮಾತಿನಲ್ಲಿ ಇದನ್ನು ಅಥವಾ ಇಂಥದ್ದನ್ನು ಕೇಳಿದವರು ಇದ್ದೀರಾ? ಹಳೇ ಪತ್ತೇದಾರಿ ಕಾದಂಬರಿಗಳಲ್ಲಿ ಬೇರೆ ಪದ ಇದ್ದರೆ ಅದನ್ನೂ ತಿಳಿಸಿ.