ಮಗಳ ಜೊತೆ ಟಿ-55 ಟ್ಯಾಂಕ್ ಮಾದರಿ: ಕೆಸರು, ಧೂಳು, ತುಕ್ಕು ಎಷ್ಟಿರಬೇಕು, ಎಲ್ಲಿರಬೇಕು?

ಪ್ರಶ್ನೆ (ಮೈಸೂರು)

ಎಲ್ಲರಿಗೂ ನಮಸ್ಕಾರ. ದಸರಾ ರಜೆಯಲ್ಲಿ ಮಡಿಕೇರಿಗೆ ಹೋದಾಗ ಒಂಬತ್ತು ವರ್ಷದ ಮಗಳಿಗೆ ಜನರಲ್ ತಿಮ್ಮಯ್ಯನವರ ಸನ್ನಿಸೈಡ್ ಮನೆಯನ್ನು ತೋರಿಸಿದೆ. 2021ರಿಂದ ಅದು ವಸ್ತುಸಂಗ್ರಹಾಲಯವಾಗಿದೆ. ಒಳಗಿನ ಚಿತ್ರಗಳಿಗಿಂತ ಹೊರಗೆ ನಿಲ್ಲಿಸಿರುವ ಟಿ-55 ಟ್ಯಾಂಕ್ ಅವಳ ಮನಸ್ಸಿಗೆ ಹಿಡಿಸಿತು. ಒಂದು ಬದಿಯ ಐದು ಚಕ್ರಗಳನ್ನು ಮುಟ್ಟಿ ಮುಟ್ಟಿ ಎಣಿಸಿ, ಮೊದಲ ಎರಡರ ನಡುವೆ ಮಾತ್ರ ಜಾಗ ಹೆಚ್ಚಿದೆಯೆಂದು ನನಗೇ ತೋರಿಸಿಕೊಟ್ಟಳು.

ಮನೆಗೆ ಬಂದ ಮೇಲೆ 1/35 ಅಳತೆಯ ಟಿ-55 ಕಿಟ್ ತರಿಸಿದೆವು. ದಿನಕ್ಕೆ ಅರ್ಧ ಗಂಟೆಯಂತೆ ಐದು ವಾರ ಕೂತು ಜೋಡಿಸಿ, ಹಸಿರು ಅಕ್ರಿಲಿಕ್ ಬಣ್ಣವನ್ನೂ ಹಚ್ಚಿದ್ದೇವೆ. ಈಗ ಅವಳಿಗೆ ಅದು 1971ರ ಯುದ್ಧಕ್ಕೆ ಹೋಗಿಬಂದಂತೆ ಕಾಣಬೇಕಂತೆ, ಅದಕ್ಕೆ ಕೊಡಗಿನ ಕೆಂಪು ಮಣ್ಣನ್ನೇ ಮೆತ್ತಬೇಕಂತೆ. ಟರ್ಪೆಂಟೈನ್ ಬೇಕಾಗುವ ಎನಾಮಲ್ ಸಾಮಗ್ರಿಗಳನ್ನು ಮಗುವಿನ ಕೈಗೆ ಕೊಡಲು ನನಗೆ ಧೈರ್ಯವಿಲ್ಲ. ಅವುಗಳಿಲ್ಲದೆ ವೆದರಿಂಗ್ (ಬಳಸಿ ಹಳತಾದಂತೆ ಕೊಳೆ, ಸವೆತ ಕಾಣಿಸುವ ಕೆಲಸ) ಮಾಡಬಹುದೇ? ಕೆಂಪು ಮಣ್ಣು ಸರಿಯೇ?

ಉತ್ತರ 1 (ಬೆಂಗಳೂರು)

ಖಂಡಿತ ಮಾಡಬಹುದು. ನಾನೂ ನನ್ನ ಮಗನೂ ನಾಲ್ಕು ವಾಹನಗಳನ್ನು ಎನಾಮಲ್ ಇಲ್ಲದೆಯೇ ಮುಗಿಸಿದ್ದೇವೆ. ಬಣ್ಣ ಒಣಗಿದ ಮೇಲೆ ಹೊಳಪಿನ ಅಕ್ರಿಲಿಕ್ ವಾರ್ನಿಷ್ ಒಂದು ಪದರ ಹಚ್ಚಿ, ಒಂದು ರಾತ್ರಿ ಪೂರ್ತಿ ಬಿಡಿ. ಮರುದಿನ ಟ್ಯೂಬಿನಲ್ಲಿ ಬರುವ ಜಲವರ್ಣದ ಗಾಢ ಕಂದು ಬಣ್ಣವನ್ನು ನೀರಿನಲ್ಲಿ ತೆಳ್ಳಗೆ ಕದಡಿ, ಪಾತ್ರೆ ತೊಳೆಯುವ ದ್ರವಸೋಪು ಒಂದು ಹನಿ ಸೇರಿಸಿ. ಸೋಪಿಲ್ಲದಿದ್ದರೆ ನೀರು ಹೊಳಪಿನ ಮೇಲೆ ಕೆಸುವಿನೆಲೆಯ ಮೇಲಿನ ಹಾಗೆ ಗುಂಡಗೆ ನಿಲ್ಲುತ್ತದೆ. ಸೋಪು ಬಿದ್ದರೆ ಬೋಲ್ಟುಗಳ ಸುತ್ತ, ಮುಚ್ಚಳಗಳ ಸಂದಿಗೆ ತಾನಾಗಿ ಹರಿದು ಕೂರುತ್ತದೆ. ಹೆಚ್ಚಾದದ್ದನ್ನು ಒದ್ದೆ ಹತ್ತಿಕಡ್ಡಿಯಿಂದ ಒರೆಸಿ ತೆಗೆಯಬಹುದು. ಇಷ್ಟವಾಗದಿದ್ದರೆ ಪೂರ್ತಿ ತೊಳೆದು ಮತ್ತೆ ಮೊದಲಿನಿಂದ ಆರಂಭಿಸಬಹುದು, ಮಕ್ಕಳಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ. ಮುಗಿದ ಮೇಲೆ ಹೊಳಪಿಲ್ಲದ ವಾರ್ನಿಷ್ ಸಿಂಪಡಿಸಿದರೆ ಅದು ಅಲ್ಲೇ ಭದ್ರವಾಗುತ್ತದೆ. ಸಿಂಪಡಿಸುವ ಕೆಲಸ ನಿಮ್ಮದು, ಬಯಲಿನಲ್ಲಿ ಮಾಡಿ. ಮಳೆಯ ದಿನ ಬೇಡ, ತೇವಕ್ಕೆ ಬಿಳಿ ಮಂಜು ಹಿಡಿದ ಹಾಗೆ ಆಗುತ್ತದೆ.

ಬಣ್ಣ ಎದ್ದ ಗುರುತುಗಳಿಗೆ ಪಾತ್ರೆ ತಿಕ್ಕುವ ಸ್ಪಂಜಿನ ಚೂರೊಂದು ಸಾಕು. ಕಪ್ಪುಗಂದು ಬಣ್ಣದಲ್ಲಿ ಅದ್ದಿ, ಕಾಗದದ ಮೇಲೆ ಬಹುಪಾಲು ಒತ್ತಿ ತೆಗೆದು, ಉಳಿದ ಒಂದಿಷ್ಟನ್ನು ಮಾತ್ರ ಅಂಚುಗಳಿಗೆ ತಾಗಿಸಬೇಕು. ಚೈನಿಗೆ ಗಾಢ ಕಂದು ಬಣ್ಣ ಬಳಿದು, ನೆಲಕ್ಕೆ ತಾಗುವ ಉಬ್ಬುಗಳ ಮೇಲೆ ಮಾಮೂಲಿ 4ಬಿ ಪೆನ್ಸಿಲ್ ಉಜ್ಜಲು ಮಗಳಿಗೆ ಹೇಳಿ. ಸವೆದ ಉಕ್ಕಿನ ಹೊಳಪು ಅವಳ ಕೈಯಡಿಯಲ್ಲೇ ಮೂಡಿಬರುವುದನ್ನು ನೀವೇ ನೋಡುವಿರಿ.

ಒಂದು ಲೆಕ್ಕವನ್ನು ಮಾತ್ರ ಅವಳಿಂದಲೇ ಮಾಡಿಸಿ. ಮಾದರಿಯ ಮೇಲಿನ 1 ಮಿಲಿಮೀಟರ್ ನಿಜದಲ್ಲಿ 3.5 ಸೆಂಟಿಮೀಟರ್. ಬಟಾಣಿ ಗಾತ್ರದ ಕೆಸರಿನ ಮುದ್ದೆಯನ್ನು ಮೆತ್ತಿದರೆ ಅದು ತೆಂಗಿನಕಾಯಿಗಿಂತ ದೊಡ್ಡ ಹೆಂಟೆಯಾಗುತ್ತದೆ. ಆದ್ದರಿಂದ ನಿಜವಾದ ಮಣ್ಣು ಬೇಡ. ಪೇಸ್ಟಲ್ ಬಳಪವನ್ನು ಉಪ್ಪುಕಾಗದದ ಮೇಲೆ ಉಜ್ಜಿ ಪುಡಿ ಮಾಡಿಕೊಳ್ಳಿ, ಆ ಹೊತ್ತಿನಲ್ಲಿ ಇಬ್ಬರೂ ಮಾಸ್ಕ್ ಧರಿಸಿ.

ಉತ್ತರ 2 (ಬೆಳಗಾವಿ)

ಕೆಂಪು ಮಣ್ಣಿನ ಬಗ್ಗೆ ನನ್ನ ಅಭಿಪ್ರಾಯ ಹೇಳುತ್ತೇನೆ. 1971ರ ಡಿಸೆಂಬರಿನಲ್ಲಿ ನಮ್ಮ ಟಿ-55 ಟ್ಯಾಂಕುಗಳು ಹೋರಾಡಿದ ಮುಖ್ಯ ಸ್ಥಳಗಳಲ್ಲಿ ಜಮ್ಮುವಿನ ಛಂಬ್ ಒಂದು. 72ನೇ ಆರ್ಮರ್ಡ್ ರೆಜಿಮೆಂಟ್ ಅಲ್ಲಿ ಮುನಾವರ್ ತವಿ ನದಿಯ ಆಸುಪಾಸಿನಲ್ಲಿತ್ತು. ಅದು ನದಿ ತಂದು ಹಾಕಿದ ಮಣ್ಣಿನ ಬಯಲು. ಅಲ್ಲಿಯ ಚಳಿಗಾಲದ ಧೂಳು ಬೂದು ಬೆರೆತ ತಿಳಿಗಂದು, ಕೊಡಗಿನ ಕೆಂಪಲ್ಲ. ಮಗಳಿಗೆ ಯುದ್ಧದ ಟ್ಯಾಂಕೇ ಬೇಕಾದರೆ ಈ ಬಣ್ಣವೇ ಸರಿ. ಅವಳು ಮಡಿಕೇರಿಯಲ್ಲಿ ಕಂಡ ಟ್ಯಾಂಕೇ ಬೇಕಾದರೆ ಚಕ್ರಗಳ ಬುಡದಲ್ಲಿ ತುಸು ಕೆಂಪು, ಮಳೆ ನೀರು ಇಳಿದ ಗೆರೆಗಳು, ಸಂದಿಗಳಲ್ಲಿ ಪಾಚಿಯ ಹಸಿರು ಒಪ್ಪುತ್ತವೆ. ಎರಡೂ ನಿಜವೇ, ಆದರೆ ಒಂದೇ ಮಾದರಿಯ ಮೇಲೆ ಎರಡನ್ನೂ ಬೆರೆಸಬೇಡಿ.

ಎದುರಾಳಿಯ ಬಳಿ ಟೈಪ್ 59 ಟ್ಯಾಂಕುಗಳಿದ್ದವು. ಅವು ಟಿ-55ರ ಹಿಂದಿನ ಮಾದರಿಯಾದ ಟಿ-54ರ ಚೀನೀ ರೂಪ, ದೂರದಿಂದ ನೋಡಿದರೆ ನಮ್ಮವಕ್ಕೂ ಅವಕ್ಕೂ ವ್ಯತ್ಯಾಸವೇ ತಿಳಿಯದು. ಆದ್ದರಿಂದ ಗುರುತು ಸಿಗಲೆಂದು ನಮ್ಮ ಟ್ಯಾಂಕುಗಳ ತೋಪಿನ ಕೊಳವೆಯ ನಡುಭಾಗಕ್ಕೆ ಹೊಗೆ ಹೀರುವ ಉಬ್ಬಿನಂತಹ ಸುಳ್ಳು ಕವಚವೊಂದನ್ನು ತೊಡಿಸಿದ್ದರು. ತೆಳುವಾದ ಕಾಗದದ ಪಟ್ಟಿಯನ್ನು ಕೊಳವೆಗೆ ಸುತ್ತಿ ಅಂಟಿಸಿದರೆ ಮಗುವಿನ ಕೈಗೂ ಇದು ಸಾಧ್ಯ. ನಿಮ್ಮ ಮಾದರಿ ಭಾರತದ ಟ್ಯಾಂಕಾಗುವುದು ಆ ಪಟ್ಟಿಯಿಂದಲೇ.

ಕೊಳೆಗೂ ಕಾರಣವಿರಬೇಕು. ಟಿ-55ರ ಹೊಗೆ ಹೊರಬರುವುದು ಎಡ ಮಡ್‌ಗಾರ್ಡಿನ ಹಿಂಭಾಗದಿಂದ, ಆದ್ದರಿಂದ ಮಸಿ ಅಲ್ಲಿ ಮಾತ್ರ. ಹೊರಗಿನ ಡೀಸೆಲ್ ತೊಟ್ಟಿಗಳು ಬಲಗಡೆ ಇವೆ, ಎಣ್ಣೆ ಚೆಲ್ಲಿದ ಕಲೆ ಅವುಗಳ ಮುಚ್ಚಳದ ಸುತ್ತ. ಸಿಬ್ಬಂದಿ ಹತ್ತಿ ಇಳಿಯುವ ಕಡೆ ಮತ್ತು ಟರೆಟ್ (ತೋಪು ಹೊತ್ತು ತಿರುಗುವ ಮೇಲ್ಭಾಗ) ಮುಚ್ಚಳಗಳ ಅಂಚಿನಲ್ಲಿ ಬಣ್ಣ ಸವೆದಿರುತ್ತದೆ. ಚೈನನ್ನು ಮೇಲೆ ಹೊರುವ ಸಣ್ಣ ರೋಲರುಗಳು ಈ ಟ್ಯಾಂಕಿಗಿಲ್ಲ; ಅದರ ಮೇಲಿನ ಎಳೆ ಜೋತುಬಿದ್ದು ಚಕ್ರಗಳ ಮೇಲೆಯೇ ಒರಗಬೇಕು. ಕಿಟ್ಟಿನ ಚೈನು ಬಿಗಿಯಾಗಿ ನಿಂತಿದ್ದರೆ ಚಕ್ರಗಳಿಗೆ ಒಂದೊಂದು ಹನಿ ಅಂಟು ಹಾಕಿ ಒತ್ತಿ ಹಿಡಿಯಿರಿ. ಕ್ಷಣದಲ್ಲಿ ಹಿಡಿಯುವ ಅಂಟಾದರೆ ಆ ಕೆಲಸವನ್ನೂ ನೀವೇ ಮಾಡಬೇಕು.

ಉತ್ತರ 3 (ಧಾರವಾಡ)

ಮೇಲಿನ ಇಬ್ಬರೂ ತಂತ್ರವನ್ನು ಚೆನ್ನಾಗಿ ಹೇಳಿದ್ದಾರೆ. ನಾನು ಮಾಡಿದ ಒಂದು ತಪ್ಪನ್ನು ಹೇಳುತ್ತೇನೆ. ಮಗ ಜೀಪಿಗೆ ಅಲ್ಲಲ್ಲಿ ದಪ್ಪಗೆ ತುಕ್ಕು ಬಳಿದಿದ್ದನ್ನು ಕಂಡು, ಅವನು ಮಲಗಿದ ಮೇಲೆ ನಾನು ಕೂತು ಅದನ್ನು ಸರಿಪಡಿಸಿದೆ. ಬೆಳಿಗ್ಗೆ ಅವನು ಜೀಪನ್ನು ತಿರುಗಿಸಿ ತಿರುಗಿಸಿ ನೋಡಿ, ‘ಇದು ನಿಮ್ಮದು’ ಎಂದು ನನ್ನ ಮೇಜಿನ ಮೇಲಿಟ್ಟು ಹೋದ. ಮುಂದಿನ ಎಂಟು ತಿಂಗಳು ಅವನು ಕುಂಚ ಮುಟ್ಟಲಿಲ್ಲ. ಈಗ ನಾವು ಎರಡು ಕಿಟ್ ತರುತ್ತೇವೆ. ಅವನದು ಅವನ ಕೈಯಲ್ಲಿ, ನನ್ನದು ನನ್ನ ಕೈಯಲ್ಲಿ. ಬೇಕಾದಾಗ ಅವನೇ ಬಂದು ನೋಡಿಕೊಳ್ಳುತ್ತಾನೆ.

ಪ್ರಶ್ನೆ ಕೇಳಿದವರು (ಮೈಸೂರು)

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಛಂಬ್ ಎಲ್ಲಿದೆಯೆಂದು ಭೂಪಟದಲ್ಲಿ ತೋರಿಸಿ, ಎರಡು ಬಗೆಯ ಮಣ್ಣಿನ ವಿಷಯ ಹೇಳಿದೆ. ಬಹಳ ಹೊತ್ತು ಯೋಚಿಸಿ, ತಾನು ಮುಟ್ಟಿ ನೋಡಿದ ಟ್ಯಾಂಕೇ ಬೇಕೆಂದು ಮಡಿಕೇರಿಯನ್ನೇ ಆರಿಸಿಕೊಂಡಳು. ನಿನ್ನೆ ಸಂಜೆ ಸೋಪುನೀರಿನ ಬಣ್ಣ ಹಚ್ಚಿದೆವು. ಟರೆಟ್ಟಿನ ಬುಡದ ಸುತ್ತ ಅದು ತಾನಾಗಿ ಓಡಿ ಗೆರೆಯಾಗಿ ನಿಂತಾಗ ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಎಡಗಡೆ ಪಾಚಿ ಸ್ವಲ್ಪ ಹೆಚ್ಚಾಗಿದೆ. ಅದನ್ನು ನಾನು ಮುಟ್ಟಿಲ್ಲ. ಚೈನಿಗೆ ಪೆನ್ಸಿಲ್ ಉಜ್ಜುವುದು ಭಾನುವಾರದ ಕೆಲಸ.